ಅಟ್ಟದ ಪೆಟ್ಟಿಗೆಯ ಕಾಗದದಲ್ಲಿ ‘ಶಿಸ್ತು ಬಾಕಿ’ ಅಂತಿದೆ, ಏನರ್ಥ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕು, ನಗರದ ಹತ್ತಿರದ ಹಳ್ಳಿ. ಹಳೆ ಮನೆ ಇಳಿಸುವಾಗ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಹಳೆ ಕಾಗದಗಳ ಕಟ್ಟು. ಅಕ್ಷರ ಎಲ್ಲಾ ಮೋಡಿ ಮೋಡಿ. ಊರಿನ ನಿವೃತ್ತ ಮೇಷ್ಟ್ರೊಬ್ಬರು ಕಷ್ಟಪಟ್ಟು ಒಂದು ಕಾಗದ ಓದಿಕೊಟ್ಟರು. ಅದರಲ್ಲಿ ಹೀಗಿದೆ: “ಕ್ರೋಧಿ ಸಂವತ್ಸರದ ಶಿಸ್ತು ಗ 4 ಹ 3, ಪಟ್ಟಿ ಗ 1 ಹ 2, ಉಭಯಂ ಗ 5 ಹ 5, ಪೈಕಿ ಸಂದದ್ದು ಗ 4 ಹ 8, ಶಿಸ್ತು ಬಾಕಿ ಹ 7.” ಕೆಳಗೆ ‘ಅಮಲ್ದಾರ’ ಅನ್ನುವ ಪದವೂ ಇದೆಯಂತೆ. ನಮ್ಮ ಹಿರಿಯರ ಮೇಲೆ ಸರ್ಕಾರ ಶಿಸ್ತು ಕ್ರಮ ತಗೊಂಡು ದಂಡ ಹಾಕಿತ್ತು, ಈ ವಿಷಯ ಹೊರಗೆ ಹೇಳಬೇಡಿ ಅಂತಾರೆ ಚಿಕ್ಕಪ್ಪ. ಬಾಕಿ ಹಾಗೇ ಉಳಿದಿದ್ದರೆ ಜಮೀನಿಗೆ ತೊಂದರೆ ಅಂತ ಅತ್ತೆಗೆ ಚಿಂತೆ. ಅಣ್ಣನ ಲೆಕ್ಕವೇ ಬೇರೆ, ಈ ಕಾಗದ ತೋರಿಸಿ ಕೈತಪ್ಪಿದ ಜಮೀನು ಕೇಳಬಹುದು ಅಂತಾನೆ. ಇದರ ನಡುವೆ ಮಗಳು ಶಾಲೆಯ ಭಾಷಣಕ್ಕೆ “ಶಿವಪ್ಪನಾಯಕ ಬಹಳ ಶಿಸ್ತಿನ ರಾಜ, ಅದಕ್ಕೇ ಶಿಸ್ತಿನ ಶಿವಪ್ಪನಾಯಕ” ಅಂತ ಬರೆದುಕೊಂಡಿದ್ದಾಳೆ. ಎರಡೂ ಒಂದೇ ಶಿಸ್ತಾ? ಕಾಗದವನ್ನು ಏನು ಮಾಡಲಿ?

ಉತ್ತರ: ಮೊದಲು ಚಿಕ್ಕಪ್ಪನವರಿಗೆ ಧೈರ್ಯ ಹೇಳಿ. ಯಾರೂ ಯಾವ ತಪ್ಪನ್ನೂ ಮಾಡಿಲ್ಲ. ಕಾಗದದಲ್ಲಿರುವ ‘ಶಿಸ್ತು’ ಅಂದರೆ ಜಮೀನಿನ ಮೇಲೆ ಗೊತ್ತುಮಾಡಿದ ತೆರಿಗೆ. ನಾವು ಈಗ ಕಂದಾಯ ಅನ್ನುತ್ತೇವಲ್ಲ, ಅದೇ. ‘ಶಿಸ್ತು ಬಾಕಿ’ ಅಂದರೆ ಆ ವರ್ಷದ ಕಂದಾಯದಲ್ಲಿ ಕಟ್ಟದೆ ಉಳಿದ ಮೊತ್ತ.

ಇಂಥ ಕಾಗದಗಳನ್ನು ಓದಿಸಿಕೊಳ್ಳಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು. ಈ ಪದ ಕಂಡ ಕೂಡಲೇ ಅವರೂ ನಿಮ್ಮ ಚಿಕ್ಕಪ್ಪನ ಹಾಗೇ ಗಾಬರಿಯಾಗುತ್ತಾರೆ. ತಪ್ಪು ಅವರದ್ದಲ್ಲ. ನಮ್ಮ ಕಿವಿಗೆ ಈಗ ಶಿಸ್ತು ಅಂದರೆ ಶಾಲೆಯ ಸಾಲು, ಪೊಲೀಸ್ ಪೆರೇಡು, ನೌಕರರ ಮೇಲಿನ ಶಿಸ್ತು ಕ್ರಮ. ತೆರಿಗೆ ಅನ್ನುವ ಅರ್ಥ ನಮ್ಮ ಮಾತಿನಿಂದ ಹೋಗಿಬಿಟ್ಟಿದೆ. ಪಕ್ಕದ ತೆಲುಗಿನಲ್ಲಿ ಅದು ಇನ್ನೂ ಇದೆ. ಅಲ್ಲಿ ‘ಭೂಮಿ ಶಿಸ್ತು’ ಅಂದರೆ ಇವತ್ತಿಗೂ ಭೂಕಂದಾಯವೇ. ಶಾಲೆಯ ಶಿಸ್ತಿಗೆ ಅವರು ‘ಕ್ರಮಶಿಕ್ಷಣ’ ಅನ್ನುತ್ತಾರೆ. ಮರಾಠಿಯಲ್ಲಿ ಇದು ತಿರುಗುಮುರುಗು: ‘ಶಿಸ್ತ್’ ಅಂದರೆ ನಮ್ಮ ಈಗಿನ ಅರ್ಥದ ಶಿಸ್ತು, ಅದಕ್ಕಿಂತ ಹಳೆಯ ಅರ್ಥ ಬಂದೂಕಿನ ಗುರಿ. ಕನ್ನಡ ಈ ಇಬ್ಬರ ನಡುವೆ ನಿಂತು ಎರಡೂ ಅರ್ಥ ಇಟ್ಟುಕೊಂಡಿತ್ತು. ಕೊನೆಗೆ ಒಂದನ್ನು ಬಿಟ್ಟಿತು.

ಮೂರನೆಯ ಅರ್ಥವೂ ಒಂದಿದೆ, ಅದು ಈಗಲೂ ಅಲ್ಲಲ್ಲಿ ಕೇಳಿಸುತ್ತದೆ. ಚೆನ್ನಾಗಿ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಹೊರಟವನನ್ನು “ಏನು ಶಿಸ್ತಾಗಿ ಹೊರಟಿದೀಯಾ” ಅಂತ ಕೇಳುತ್ತಾರೆ, ಅಲ್ವಾ? ಅಲಂಕಾರಪ್ರಿಯನಿಗೆ ‘ಶಿಸ್ತುಗಾರ’ ಅನ್ನುವ ಮಾತೂ ಇತ್ತು. ಶಿಸ್ತುಗಾರ ಬೆಳಿಗ್ಗೆ ಐದಕ್ಕೆ ಏಳುವವನೇ ಆಗಬೇಕಿರಲಿಲ್ಲ.

ಪದ ಎಲ್ಲಿಂದ ಬಂತು? ಎರಡು ವಾದಗಳಿವೆ. ಒಂದು, ಸಂಸ್ಕೃತದ ‘ಶಿಷ್ಟ’ದಿಂದ. ಶಿಷ್ಟ ಅಂದರೆ ಉಳಿದದ್ದು. ರೈತನ ಪಾಲು ಕಳೆದು ಸರ್ಕಾರಕ್ಕೆ ಉಳಿಯುವ ಭಾಗ ಅಂತ ಇದಕ್ಕೆ ವಿವರಣೆ ಕೊಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಕನ್ನಡದ ನಡೆ ನೋಡಿದರೆ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಸಂಸ್ಕೃತದ ‘ಷ್ಟ’ ನಮ್ಮ ಬಾಯಲ್ಲಿ ಸಾಮಾನ್ಯವಾಗಿ ‘ಟ್ಟ’ ಆಗುತ್ತದೆ. ದೃಷ್ಟಿ ದಿಟ್ಟಿ ಆಯಿತು, ಇಷ್ಟಿಕಾ ಇಟ್ಟಿಗೆ ಆಯಿತು. ‘ಸ್ತು’ ಆಗುವುದು ಅಪರೂಪ. ‘ಸ್ತು’ ಅಂತ ಮುಗಿಯುವ ನಮ್ಮ ಆಡಳಿತದ ಪದಗಳನ್ನು ಒಮ್ಮೆ ನೋಡಿ: ಬಂದೋಬಸ್ತು, ಗಸ್ತು, ದಸ್ತು, ದರ್ಖಾಸ್ತು, ಬರಖಾಸ್ತು. ಎಲ್ಲವೂ ಪಾರಸಿಯಿಂದ ಬಂದವು. ದಿನದ ಮಾತಿನ ‘ಸುಸ್ತು’ ಕೂಡ ಪಾರಸಿಯೇ.

ಹಾಗಾಗಿ ಎರಡನೆಯ ವಾದ ನನಗೆ ಸರಿ ಕಾಣುತ್ತದೆ. ಪಾರಸಿಯ ‘ಶಸ್ತ್’ ಅಂದರೆ ಹೆಬ್ಬೆರಳು. ಬಿಲ್ಲುಗಾರ ಹೆಬ್ಬೆರಳಿಗೆ ಹಾಕಿಕೊಳ್ಳುವ ಉಂಗುರಕ್ಕೂ ಅದೇ ಹೆಸರು, ಅದರಿಂದ ಹಿಡಿಯುವ ಗುರಿಗೂ ಅದೇ. ಹಿಂದಿ, ಮರಾಠಿಗಳಲ್ಲಿ ಅದು ‘ಶಿಸ್ತ್’ ಆಯಿತು. ಗುರಿ ಅಂದರೆ ನೇರ ಗೆರೆ. ನೇರ ಗೆರೆಯಿಂದ ಕ್ರಮ, ಅಚ್ಚುಕಟ್ಟು. ಕ್ರಮವಾಗಿ ಗೊತ್ತುಮಾಡಿದ ದರ ಅನ್ನುವಲ್ಲಿಗೆ ಬಂದರೆ ತೆರಿಗೆ. ಅಚ್ಚುಕಟ್ಟಾಗಿ ಉಟ್ಟುಕೊಂಡದ್ದು ಅನ್ನುವಲ್ಲಿಗೆ ಹೋದರೆ ಶಿಸ್ತುಗಾರ. ಸಾಲಾಗಿ ನಿಲ್ಲಿಸಿದರೆ ಶಾಲೆಯ ಡ್ರಿಲ್ಲು. ಒಂದೇ ಕಾಂಡ, ಮೂರು ಕೊಂಬೆ.

ಮಲೆನಾಡಿನ ಲೆಕ್ಕದ ಪುಸ್ತಕಕ್ಕೆ ಪಾರಸಿ ಪದ ಹೇಗೆ ಬಂತು ಅಂತ ಆಶ್ಚರ್ಯವಾಗಬಹುದು. ಬಿಜಾಪುರದ ಆದಿಲ್‌ಶಾಹಿಗಳ ಆಡಳಿತದಲ್ಲಿ ಪಾರಸಿಯೂ ಮರಾಠಿಯೂ ಬಳಕೆಯಲ್ಲಿದ್ದವು. 1637-38ರ ಹೊತ್ತಿಗೆ ಅವರ ಸೇನಾಪತಿ ರಣದುಲ್ಲಾಖಾನ್ ಕೆಳದಿ ಅರಸರ ಆಗಿನ ರಾಜಧಾನಿ ಇಕ್ಕೇರಿಯ ಮೇಲೇ ಬಂದಿದ್ದ. ಅದಾದ ಮೇಲೆ ಕೆಳದಿಯ ಅರಸರು ರಾಜಧಾನಿಯನ್ನು ನಿಮ್ಮ ನಗರಕ್ಕೆ, ಅಂದರೆ ಆಗಿನ ಬಿದನೂರಿಗೆ ಒಯ್ದರು. ಜಗಳ ಆಡಿದವರ ನಡುವೆಯೂ ಲೆಕ್ಕದ ಮಾತು ಓಡಾಡುತ್ತಲೇ ಇರುತ್ತದೆ. ಬಾಕಿ, ವಸೂಲಿ, ಜಮೀನು, ತಾಲೂಕು, ದಫ್ತರ ಇವೆಲ್ಲ ಪಾರಸಿ-ಅರಬ್ಬಿ ಮೂಲದವೇ. ನಿಮ್ಮ ಕಾಗದದ ಕೊನೆಯ ತುಣುಕು ‘ಶಿಸ್ತು ಬಾಕಿ’. ಹಾಗೆ ನೋಡಿದರೆ ಎರಡು ಪದವೂ ಹೊರಗಿನಿಂದ ಬಂದವು. ಬರೆದ ಶ್ಯಾನುಭೋಗರಿಗೆ ಇದು ಅಚ್ಚಗನ್ನಡವೇ ಆಗಿತ್ತು.

ಈಗ ನಿಮ್ಮ ಮಗಳ ಭಾಷಣಕ್ಕೆ ಬರೋಣ. ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಅವನು ಶಿಸ್ತಿನ ಮನುಷ್ಯನೇ ಆಗಿದ್ದಿರಬಹುದು. ಆದರೆ ‘ಶಿಸ್ತಿನ’ ಅನ್ನುವ ಹೆಸರು ಬಂದದ್ದು ಅವನ ನಡವಳಿಕೆಯಿಂದ ಅಲ್ಲ, ಅವನು ಮಾಡಿಸಿದ ಭೂಮಿಯ ಲೆಕ್ಕದಿಂದ. ಆ ಲೆಕ್ಕದ ಹೆಸರೇ ಶಿಸ್ತು. ಮಗಳ ಮಾತಿನಲ್ಲಿ ಇದು ಇದ್ದರೆ ಭಾಷಣಕ್ಕೆ ತೂಕ ಬರುತ್ತದೆ. ಅವನ ಲೆಕ್ಕ ಎಷ್ಟು ಚಂದ ಅಂದರೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನಲ್ಲಿ (1897) ಇದರ ವಿವರ ಇದೆ. ಪ್ರತಿ ಹಳ್ಳಿಯಲ್ಲೂ ಒಂದೊಂದು ತರದ ಭೂಮಿಯಿಂದ ಒಂದೊಂದು ಗದ್ದೆಯನ್ನು ಆರಿಸಿ, ಸರ್ಕಾರದ ಖರ್ಚಿನಲ್ಲೇ ಐದು ವರ್ಷ ಸಾಗುವಳಿ ಮಾಡಿಸಿದರು. ಎಷ್ಟು ಬೀಜ ಬಿತ್ತಿದರು, ಖರ್ಚು ಎಷ್ಟಾಯಿತು, ಬೆಳೆ ಎಷ್ಟು ಬಂತು, ಅದಕ್ಕೆ ಏನು ಬೆಲೆ ಸಿಕ್ಕಿತು ಎಲ್ಲ ಬರೆದಿಟ್ಟರು. ಆಮೇಲೆ ಸರಾಸರಿ ತೆಗೆದು, ಬೆಳೆಯ ಮೂರನೇ ಒಂದು ಭಾಗದ ಬೆಲೆಯನ್ನು ಸರ್ಕಾರದ ಪಾಲು ಅಂತ ನಿಲ್ಲಿಸಿದರು. ಒಂದು ವರ್ಷ ಮಳೆ ಜಾಸ್ತಿ, ಇನ್ನೊಂದು ವರ್ಷ ಕಡಿಮೆ. ಐದು ವರ್ಷದ ಸರಾಸರಿಯಲ್ಲಿ ಆ ಏರಿಳಿತ ತಗ್ಗುತ್ತದೆ. ರೈತನಿಗೆ ನಾಳೆ ಕಟ್ಟಬೇಕಾದದ್ದು ಎಷ್ಟು ಅಂತ ಮೊದಲೇ ಗೊತ್ತು. ನನ್ನ ಪ್ರಕಾರ ಶಿಸ್ತಿನ ಜೀವ ಇರುವುದು ಇಲ್ಲೇ. ದರ ಕಡಿಮೆ ಅನ್ನುವುದಕ್ಕಿಂತ, ದರ ಗೊತ್ತಿದೆ ಅನ್ನುವುದು ದೊಡ್ಡದು.

ಅಡಿಕೆ ತೋಟಕ್ಕೆ ಈ ದಾರಿ ಆಗುವುದಿಲ್ಲ. ಗದ್ದೆಯನ್ನು ಬಿತ್ತುವ ಬೀಜದ ಮೇಲೆ ಅಳೆಯಬಹುದು. ಖಂಡುಗ ಅಂದರೆ ಧಾನ್ಯದ ಅಳತೆ, ಅದಕ್ಕೇ ಖಂಡುಗದ ಗದ್ದೆ ಅನ್ನುವ ಮಾತು. ತೋಟದಲ್ಲಿ ವರ್ಷವರ್ಷ ಬಿತ್ತುವುದು ಏನಿದೆ? ಅಲ್ಲಿ ಕೋಲಿನ ಅಳತೆ ತಂದರು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಂಬಗಳ ನಡುವಿನ ಅಂತರವೇ ಆ ಕೋಲಿನ ಉದ್ದ. ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಒಂದು ಮರಕ್ಕೆ ಬಿಟ್ಟ ಆ ಜಾಗಕ್ಕೆ ‘ದಾಯ’ ಅಂತ ಹೆಸರು. ಇಂಥ 1000 ದಾಯಕ್ಕೆ 7ರಿಂದ 25 ಬಹದ್ದೂರಿ ವರಹದವರೆಗೆ (ವರಹ ಅಂದರೆ ಆಗಿನ ಚಿನ್ನದ ನಾಣ್ಯ) ಶಿಸ್ತು ಕೂತಿತ್ತು ಅಂತ ಗೆಜೆಟಿಯರ್ ಹೇಳುತ್ತದೆ. ಈಗ ನಾವು ಅಡಿಕೆ ಸಸಿಯನ್ನು ಸುಮಾರು 9 ಅಡಿಗೆ ಒಂದು ಇಡುತ್ತೇವೆ. ಅದಕ್ಕೆ ಹೋಲಿಸಿದರೆ ದಾಯ ಎರಡರಷ್ಟು ಉದ್ದ. ಕೋಲನ್ನು ದೇವಸ್ಥಾನದ ಕಲ್ಲಿಗೆ ಕಟ್ಟಿಹಾಕಿದ್ದು ಜಾಣತನ. ಮರದ ಕೋಲನ್ನು ಯಾರು ಬೇಕಾದರೂ ಮೋಟು ಮಾಡಬಹುದು. ಕಂಬವನ್ನು ಸರಿಸಲು ಯಾವ ಶ್ಯಾನುಭೋಗನ ಕೈಯಲ್ಲೂ ಆಗುವುದಿಲ್ಲ. ಸಾಗರದ ಕಡೆ ಹೋದಾಗ ಮಗಳಿಗೆ ಆ ಕಂಬಗಳನ್ನು ತೋರಿಸಿ.

ಶಿವಪ್ಪನಾಯಕನನ್ನು ಅಕ್ಬರನ ಮಂತ್ರಿ ತೋಡರಮಲ್ಲನಿಗೆ ಹೋಲಿಸುವ ರೂಢಿ ಇದೆ. ಅಲ್ಲಿ ಹತ್ತು ವರ್ಷದ ಸರಾಸರಿ, ಇಲ್ಲಿ ಐದು. ಎರಡೂ ಕಡೆ ಮೂರನೇ ಒಂದು ಭಾಗ. ಹೋಲಿಕೆ ತಪ್ಪಲ್ಲ. ಆದರೆ ಬಯಲಿನ ಗೋಧಿ ಗದ್ದೆ ಅಳೆಯುವುದಕ್ಕೂ, ಗುಡ್ಡದ ಸಂದಿಯ ಅಡಿಕೆ ತೋಟ ಅಳೆಯುವುದಕ್ಕೂ ಬಹಳ ವ್ಯತ್ಯಾಸ ಇದೆ. ಇಕ್ಕೇರಿಯ ಕಂಬ ದೆಹಲಿಯಿಂದ ಬಂದದ್ದಲ್ಲ.

ಇನ್ನು ನಿಮ್ಮ ಕಾಗದ. ‘ಗ’ ಅಂದರೆ ಗದ್ಯಾಣ. ಬರೆಯುವಾಗ ಗ, ಓದುವಾಗ ವರಹ. ‘ಹ’ ಅಂದರೆ ಹಣ. ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ಕೂಡಿಸಿ ನೋಡಿ: 4 ವರಹ 3 ಹಣ ಶಿಸ್ತು, 1 ವರಹ 2 ಹಣ ಪಟ್ಟಿ, ಎರಡೂ ಸೇರಿ 5 ವರಹ 5 ಹಣ. ಕಟ್ಟಿದ್ದು 4 ವರಹ 8 ಹಣ. ಉಳಿದದ್ದು 7 ಹಣ. ಲೆಕ್ಕ ಸರಿಯಾಗಿ ಕೂಡುತ್ತದೆ, ಹಾಗಾಗಿ ಮೇಷ್ಟ್ರು ಓದಿದ್ದೂ ಸರಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಕಟ್ಟಿನ ಉಳಿದ ಕಾಗದಗಳಲ್ಲಿ ‘ವೀಸ’, ‘ಕಾಣಿ’ ಅಂತ ಕಂಡರೆ ಅವು ಚೂರುಗಳ ಲೆಕ್ಕ: ವೀಸ ಹದಿನಾರರಲ್ಲಿ ಒಂದು, ಕಾಣಿ ಅರವತ್ತನಾಲ್ಕರಲ್ಲಿ ಒಂದು.

‘ಪಟ್ಟಿ’ ಅಂದರೆ ಶಿಸ್ತಿನ ಮೇಲೆ ಕೂರಿಸಿದ ಹೆಚ್ಚುವರಿ. ಶಿವಪ್ಪನಾಯಕ ನಿಲ್ಲಿಸಿದ ದರವನ್ನು ಮುಂದಿನವರು ನೇರವಾಗಿ ಮುಟ್ಟಲಿಲ್ಲ. ಬದಲಿಗೆ ಪಕ್ಕದಲ್ಲಿ ಒಂದೊಂದೇ ಪಟ್ಟಿ ಸೇರಿಸುತ್ತಾ ಹೋದರು. ಕರಾವಳಿಯ ಹಳೆ ಲೆಕ್ಕದಲ್ಲಿ ಇಂಥದ್ದಕ್ಕೇ ‘ಶಾಮಿಲು’ ಅಂತ ಹೆಸರು. ಇಂದಿನ ಬಿಲ್ಲಿನಲ್ಲಿ ಮೂಲ ದರದ ಕೆಳಗೆ ಸೆಸ್ಸು, ಸರ್‌ಚಾರ್ಜು ಬರುವುದಿಲ್ಲವೇ? ನಿಮ್ಮ ಹಿರಿಯರ ಲೆಕ್ಕದಲ್ಲಿ ಆ ಪಟ್ಟಿ ಶಿಸ್ತಿನ ಕಾಲು ಭಾಗಕ್ಕಿಂತ ಜಾಸ್ತಿ ಇದೆ. ಇಂಥ ಹೊರೆಯೇ 1830ರಲ್ಲಿ ನಗರ ಸೀಮೆಯ ರೈತರನ್ನು ದಂಗೆಗೆ ಎಬ್ಬಿಸಿತು. ಅದರ ಬೆನ್ನಿಗೇ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಮುಂದೆ ಕಮಿಷನರ್ ಕಬ್ಬನ್ ಕಾಲದಲ್ಲಿ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು ಅಂತ ದಾಖಲೆ ಹೇಳುತ್ತದೆ. ತೆಗೆದದ್ದೇ ಅಷ್ಟಿದ್ದರೆ ಒಟ್ಟು ಎಷ್ಟಿದ್ದವೋ ನೋಡಿ.

ಕಾಗದದ ಕಾಲ ಯಾವುದು? ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕ್ರೋಧಿ ಮೊನ್ನೆ 2024-25ರಲ್ಲಿ ಬಂದು ಹೋಯಿತು. ಹಿಂದಕ್ಕೆ ಎಣಿಸಿದರೆ 1964-65, 1904-05, 1844-45, 1784-85. ವರಹದ ಲೆಕ್ಕ ಇರುವುದರಿಂದ ಮೊದಲ ಎರಡನ್ನು ಬಿಡಬಹುದು. ‘ಅಮಲ್ದಾರ’ (ತಾಲೂಕಿನ ಕಂದಾಯದ ಅಧಿಕಾರಿ) ಅನ್ನುವ ಪದ ನೋಡಿದರೆ 1844-45 ಹೆಚ್ಚು ಸರಿ ಅಂತ ನನಗನಿಸುತ್ತದೆ. ಅಂದರೆ ಇದು ಕೆಳದಿ ಅರಸರ ಕಾಗದ ಅಲ್ಲ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಎಷ್ಟೋ ವರ್ಷದ ಮೇಲಿನದು. ರಾಜ್ಯ ಹೋಗಿ, ನವಾಬ ಹೋಗಿ, ಕಮಿಷನರ್ ಬಂದರೂ ನಿಮ್ಮೂರಿನ ಲೆಕ್ಕದಲ್ಲಿ ಶಿವಪ್ಪನಾಯಕನ ಪದ ಉಳಿದಿತ್ತು.

ಪದ ಹೋದದ್ದು ಸರ್ವೆ ಬಂದಮೇಲೆ. ಮೈಸೂರಿನಲ್ಲಿ 1863ರಿಂದ ಹೊಸ ಭೂಮಾಪನ ಶುರುವಾಯಿತು. ಹೊಲಗದ್ದೆಗೆ ಸರ್ವೆ ನಂಬರು ಬಂತು, ಎಕರೆ-ಗುಂಟೆ ಬಂತು, ವರಹ ಹೋಗಿ ರೂಪಾಯಿ-ಆಣೆ ಬಂತು. ಜೊತೆಗೆ ಹೊಸ ಪದಗಳೂ ಬಂದವು. ನಿಮ್ಮ ಪಹಣಿಯಲ್ಲಿ ‘ಆಕಾರ’ ಅಂತ ಒಂದು ಕಲಂ ಇದೆ, ನೋಡಿರಬೇಕು. ಅದು ಜಮೀನಿನ ಆಕೃತಿ ಅಲ್ಲ, ಅದರ ಮೇಲೆ ಕೂತ ಕಂದಾಯದ ದರ. ಮರಾಠಿಯಿಂದ ಬಂದ ಮಾತು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಹಿರಿಯರು ಇವತ್ತಿಗೂ ‘ತೀರ್ವೆ ಕಟ್ಟೋದು’ ಅನ್ನುತ್ತಾರೆ. ಇನ್ನು ‘ಕಂದಾಯ’ಕ್ಕೂ ಒಂದು ಹಳೆ ಅರ್ಥ ಇದೆ: ನಾಲ್ಕು ತಿಂಗಳ ಅವಧಿ. ವರ್ಷಕ್ಕೆ ಮೂರು ಕಂದಾಯ. ಯುಗಾದಿ ದಿನ ಪಂಚಾಂಗದಲ್ಲಿ ‘ಕಂದಾಯ ಫಲ’ ಅಂತ ನಕ್ಷತ್ರಕ್ಕೆ ಮೂರು ಮೂರು ಅಂಕಿ ಓದುತ್ತಾರಲ್ಲ, ಆ ಕಂದಾಯ ಇದೇ. ಅವಧಿಯ ಹೆಸರು ಅವಧಿಗೆ ಕಟ್ಟುವ ತೆರಿಗೆಗೆ ಅಂಟಿಕೊಂಡಿತು.

ಅತ್ತೆಯವರ ಚಿಂತೆಗೆ ಉತ್ತರ ಸುಲಭ. ಸರ್ವೆಗೆ ಮೊದಲಿನ ಏಳು ಹಣದ ಬಾಕಿ ಕೇಳಿಕೊಂಡು ಯಾರೂ ಬರುವುದಿಲ್ಲ. ಈಗ ಜಮೀನಿನ ಮೇಲೆ ಏನಾದರೂ ಬಾಕಿ ಇದೆಯಾ ಅಂತ ತಿಳಿಯಬೇಕಾದರೆ ಈಗಿನ ಪಹಣಿ ತೆಗೆಸಿ, ಋಣಭಾರ ಪತ್ರ ತೆಗೆಸಿ, ಗ್ರಾಮ ಆಡಳಿತಾಧಿಕಾರಿ ಹತ್ತಿರ ಕಂದಾಯದ ಲೆಕ್ಕ ಕೇಳಿ. ಹಳೆ ಕಾಗದ ಅದಕ್ಕೆ ಸಂಬಂಧಪಡುವುದಿಲ್ಲ.

ಅಣ್ಣನಿಗೆ ಸ್ವಲ್ಪ ನಿರಾಸೆ ಆಗಬಹುದು. ಒಂದು ವರ್ಷ ಒಬ್ಬರು ಶಿಸ್ತು ಕಟ್ಟಿದರು ಅನ್ನುವುದಕ್ಕೆ ಈ ಕಾಗದ ಸಾಕ್ಷಿ. ತೆರಿಗೆ ಕಟ್ಟಿದ್ದರಿಂದಲೇ ಒಡೆತನ ಸಿದ್ಧವಾಗುವುದಿಲ್ಲ. ಆ ಜಮೀನು ಇಂದಿನ ಯಾವ ಸರ್ವೆ ನಂಬರು ಅಂತ ಹೇಳುವ ಗುರುತೂ ನೀವು ಕಳಿಸಿದ ಸಾಲುಗಳಲ್ಲಿ ಇಲ್ಲ. ನಡುವೆ ಪಾಲು, ಮಾರಾಟ ಎಷ್ಟೋ ಆಗಿರುತ್ತವೆ. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಗೇಣಿದಾರರ ಹೆಸರಿಗೆ ಹೋಯಿತು. ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು, ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹಳೆ ಕಾಗದ ಹಿಡಿದು ಈಗ ಉಳುತ್ತಿರುವವರ ಮನೆ ಬಾಗಿಲಿಗೆ ಹೋದರೆ ಊರಲ್ಲಿ ಮನಸ್ತಾಪ ಬಿಟ್ಟು ಬೇರೇನೂ ಸಿಗದು. ಆದರೂ ಕೇಳಲೇಬೇಕು ಅಂದರೆ ಮೊದಲು ಜಮೀನಿನ ಕೇಸು ನಡೆಸಿ ಅನುಭವ ಇರುವ ವಕೀಲರಿಗೆ ನಕಲು ತೋರಿಸಲಿ. “ಮೂಲ ಕಾಗದ ಕೊಡಿ, ನಾನು ಮಾಡಿಸಿಕೊಡ್ತೀನಿ” ಅನ್ನುವ ಮಧ್ಯವರ್ತಿಗಳ ಕೈಗೆ ಮಾತ್ರ ಕೊಡಬೇಡಿ. ಹೋದದ್ದು ವಾಪಸ್ ಬರುವುದು ಕಷ್ಟ.

ಕಾಗದವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಆದರೆ ಮಲೆನಾಡಿನ ಮಳೆಗಾಲ ಕಾಗದಕ್ಕೆ ಶತ್ರು. ಇಷ್ಟು ದಿನ ಅದು ಉಳಿದದ್ದಕ್ಕೆ ಅಟ್ಟದ ಒಣ ಹವೆ, ಕೆಳಗಿನ ಒಲೆಯ ಹೊಗೆ ಕಾರಣ ಇರಬೇಕು. ಹೊಸ ಮನೆಯಲ್ಲಿ ಒಲೆ ಇರುವುದಿಲ್ಲ, ಹೊಗೆಯೂ ಇಲ್ಲ. ಗೋಡೆಗೆ ತಾಗಿದ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರೆ ಒಂದೇ ಮಳೆಗಾಲದಲ್ಲಿ ಬೂಸ್ಟು ಬರಬಹುದು. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ ಇಡಿ. ಬಟ್ಟೆಯ ಹೊರಗೆ ಎರಡು ಬಜೆ ಬೇರು ಇಟ್ಟರೆ ಹುಳ ದೂರ ಇರುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ಹರಿದ ಕಡೆ ಸೆಲ್ಲೋಟೇಪು ಹಾಕಬೇಡಿ, ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಬಿಸಿಲಿಗೆ ಒಣಗಿಸಲೂ ಹೋಗಬೇಡಿ. ಮಡಿಕೆ ಬಿಡಿಸಲು ಬರದಿದ್ದರೆ ಹಾಗೇ ಬಿಡಿ.

ಇಟ್ಟುಕೊಳ್ಳುವುದು ಆಗದು ಅಂದರೆ ಕೆಳದಿಯ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ. ಅಲ್ಲಿ ತಾಳೆಗರಿ, ಹಳೆ ಕಾಗದಗಳ ಸಂಗ್ರಹ ಇದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಕೊಟ್ಟರೆ ಕಾಗದ ಉಳಿಯುತ್ತದೆ, ಓದುವವರಿಗೂ ಸಿಗುತ್ತದೆ. ಆದರೆ ಮನೆಯ ಕಾಗದ ಮನೆಯಿಂದ ಹೋಗುತ್ತದೆ; ಮಕ್ಕಳಿಗೆ ತೋರಿಸಬೇಕೆಂದರೆ ಅಲ್ಲಿಗೇ ಹೋಗಬೇಕು. ಕೊಡುವ ಮೊದಲು ಮನೆಯವರೆಲ್ಲ ಒಪ್ಪಿರಲಿ, ಎಲ್ಲ ಹಾಳೆಗಳ ಫೋಟೋ ಇರಲಿ, ಎಷ್ಟು ಹಾಳೆ ಕೊಟ್ಟಿರಿ ಅನ್ನುವ ರಸೀದಿ ಬರೆಸಿಕೊಳ್ಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಸದ್ಯಕ್ಕೆ ಫೋಟೋ ಮಾತ್ರ ಕೊಟ್ಟು, ಮೂಲವನ್ನು ಇಟ್ಟುಕೊಳ್ಳುತ್ತಿದ್ದೆ.

ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ. ಬೆಳಿಗ್ಗೆ ಕಿಟಕಿಯ ಪಕ್ಕ, ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟುಕೊಂಡು ತೆಗೆಯಿರಿ. ಕಾಗದದ ಹಿಂಬದಿಯನ್ನೂ ತೆಗೆದು ಕಳಿಸಿ. ಶ್ಯಾನುಭೋಗರ ರುಜು, ಕಚೇರಿಯ ಮೊಹರು ಎಷ್ಟೋ ಸಲ ಹಿಂದುಗಡೆಯೇ ಇರುತ್ತವೆ. ಮೊಹರು ಓದಲು ಬಂದರೆ ಅದು 1844ರದ್ದೋ 1784ರದ್ದೋ ಅನ್ನುವುದು ಅಲ್ಲಿಗೇ ಇತ್ಯರ್ಥವಾಗುತ್ತದೆ.